ಫಾರ್ವರ್ಡ್ ವಿಡಿಯೋ ನೋಡಿ ಎಂಜಿನ್ ಬಿಚ್ಚಬೇಡ

ಗುಂಪು: ಮೆಕ್ಯಾನಿಕಲ್ ಹಳೇ ಬ್ಯಾಚು

ನಾಗರಾಜ: (ಫಾರ್ವರ್ಡ್ ವಿಡಿಯೋ) "ಟೈಮಿಂಗ್ ಚೈನ್ ಕಿತ್ತೆಸೆಯಿರಿ! ಗೇರ್ ಡ್ರೈವ್ ಹಾಕಿ, ಜನ್ಮದಲ್ಲಿ ಟೈಮಿಂಗ್ ತೊಂದರೆ ಬರಲ್ಲ!"

ನಾಗರಾಜ: ಹರೀಶ, ನೋಡೋ. ಕ್ರ್ಯಾಂಕ್ ಶಾಫ್ಟು ವಾಲ್ವ್ ತೆರೆಯೋ ಕ್ಯಾಮನ್ನ ತಿರುಗಿಸೋದು ಚೈನಿನ ಬದಲು ಗೇರಿಂದ. ನಿನ್ನ ಹಳೇ ವಿ8 (ಎಂಟು ಸಿಲಿಂಡರ್) ಎಂಜಿನ್ನಿಗೆ ಇದೇ ಮದ್ದು.

ಹರೀಶ: ನೋಡ್ದೆ. ಏನ್ ಸೌಂಡ್ ಗುರು! ನನ್ ಗಾಡಿ ಐಡಲ್‌ನಲ್ಲಿ ನಡುಗತ್ತೆ, ಕಮ್ಮಿ ಆರ್‌ಪಿಎಂನಲ್ಲಿ ಎಳೆಯೋದೇ ಇಲ್ಲ. ಸ್ಪಾರ್ಕ್ ಬೀಳೋ ಹೊತ್ತು ನೋಡೋ ಟೈಮಿಂಗ್ ಲೈಟ್ ಹಿಡಿದ್ರೆ ಕ್ರ್ಯಾಂಕ್ ತುದಿಯ ಚಕ್ರದ ಗುರುತು ಕುಣೀತಾ ಇರತ್ತೆ. ಆರ್ಡರ್ ಮಾಡ್ಬಿಡ್ಲಾ?

ಸವಿತಾ: ಲೋ ತಡಿಯೋ. ಗುರುತು ಕುಣಿಯೋಕೆ ಚೈನೇ ಕಾರಣ ಅಂತ ಯಾರಂದ್ರು? ಪ್ಲಗ್ಗುಗಳಿಗೆ ಸ್ಪಾರ್ಕ್ ಹಂಚೋ ಡಿಸ್ಟ್ರಿಬ್ಯೂಟರ್ ಶಾಫ್ಟಿನ ಬುಷ್ ಸವೆದಿದ್ರೂ ಕುಣಿಯತ್ತೆ, ಅದರ ಕೆಳಗಿನ ಗೇರ್ ಸವೆದಿದ್ರೂ ಕುಣಿಯತ್ತೆ.

ಪ್ರಕಾಶ: ವೈವಾ ಶುರು.

ಸವಿತಾ: ಇನ್‌ಟೇಕಿನ ಎಳೆತ ಅಳೆಯೋ ವ್ಯಾಕ್ಯೂಮ್ ಗೇಜ್ ಹಾಕಿದ್ಯಾ ಹರೀಶ?

ಹರೀಶ: ಹ್ಞೂಂ. ಪಾದರಸದ ಲೆಕ್ಕದಲ್ಲಿ 14 ಇಂಚು. ಮುಳ್ಳು ಅಲ್ಲಾಡಲ್ಲ, ಆದ್ರೆ ಮೇಲೂ ಏರಲ್ಲ.

ಸವಿತಾ: ಸ್ಟಾಕ್ (ಕಂಪನಿಯದೇ) ಕ್ಯಾಮ್ ಇರೋ ಆರೋಗ್ಯವಾದ ಎಂಜಿನ್ 17ರಿಂದ 21 ತೋರಿಸ್ಬೇಕು. ಮುಳ್ಳು ಕುಣಿದಿದ್ರೆ ಯಾವುದೋ ಒಂದು ವಾಲ್ವು ಅನ್ಬಹುದಿತ್ತು. ಕಮ್ಮಿಯಲ್ಲೇ ಗಟ್ಟಿಯಾಗಿ ನಿಂತಿದೆ ಅಂದ್ರೆ ಸ್ಪಾರ್ಕ್ ತಡ, ಇಲ್ಲಾ ವಾಲ್ವ್ ತಡ, ಇಲ್ಲಾ ಗ್ಯಾಸ್ಕೆಟಲ್ಲಿ ಗಾಳಿ ಎಳೀತಿದೆ. ಕಂಪ್ರೆಷನ್ ಎಷ್ಟು?

ಹರೀಶ: ಎಂಟೂ ಹೆಚ್ಚುಕಮ್ಮಿ ಒಂದೇ, ಆದ್ರೆ ಎಂಟೂ ಕಮ್ಮಿ. ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ನೋಡೋ ಲೀಕ್‌ಡೌನ್ ಟೆಸ್ಟ್ ಮಾತ್ರ ಚೆನ್ನಾಗಿದೆ.

ಸವಿತಾ: ಹಾಗಾದ್ರೆ ಕ್ಯಾಮ್ ಮೇಲೆ ಅನುಮಾನ ಪಡಬಹುದು. ಚೈನ್ ಸಡಿಲ ಆದ್ರೆ ಕ್ಯಾಮ್ ಹಿಂದೆ ಬೀಳತ್ತೆ. ಇನ್‌ಟೇಕ್ ವಾಲ್ವ್ ಮುಚ್ಚೋ ಹೊತ್ತಿಗೆ ಪಿಸ್ಟನ್ ಮೇಲೆ ಬರ್ತಾ ಒಂದಷ್ಟು ಗಾಳೀನ ವಾಪಸ್ ತಳ್ಳಿಬಿಟ್ಟಿರತ್ತೆ. ರಿಂಗು, ವಾಲ್ವ್ ಸೀಟು ಎಲ್ಲಾ ಸರಿ ಇದ್ರೂ ಒತ್ತಡ ಕಟ್ಟಲ್ಲ.

ನಾಗರಾಜ: ನಾನೂ ಅದನ್ನೇ ಹೇಳಿದ್ದು ಮಾರಾಯ್ತಿ! ಚೈನ್ ಹೋಗಿದೆ, ಗೇರ್ ಹಾಕು ಅಂತ.

ಸವಿತಾ: ಚೈನ್ ಹೋಗಿದ್ರೆ ಚೈನ್ ಹಾಕೋದಪ್ಪ.

ಹರೀಶ: ಆದ್ರೆ ಗ್ಯಾರೇಜಿನೋರು ಡಿಸ್ಟ್ರಿಬ್ಯೂಟರ್ ತಿರುಗಿಸಿ ಟೈಮಿಂಗ್ ಸರಿ ಮಾಡಿಕೊಟ್ರಲ್ಲ? ಸ್ವಲ್ಪ ದಿನ ಪರವಾಗಿಲ್ಲ ಅನ್ನಿಸ್ತಿತ್ತು.

ಸವಿತಾ: ಅಲ್ಲೇ ಎಲ್ರೂ ಎಡವೋದು. ಡಿಸ್ಟ್ರಿಬ್ಯೂಟರ್ ತಿರುಗೋದು ಕ್ಯಾಮಿನಿಂದ. ಕ್ಯಾಮ್ ಹಿಂದೆ ಬಿದ್ರೆ ಸ್ಪಾರ್ಕೂ ಹಿಂದೆ ಬೀಳತ್ತೆ. ಡಿಸ್ಟ್ರಿಬ್ಯೂಟರ್ ತಿರುಗಿಸಿದ್ರೆ ಸ್ಪಾರ್ಕ್ ಮಾತ್ರ ಜಾಗಕ್ಕೆ ಬರತ್ತೆ, ವಾಲ್ವು ಇದ್ದಲ್ಲೇ ಇರತ್ತೆ. ಲೈಟ್ ಹಿಡಿದೋನಿಗೆ ಎಲ್ಲಾ ಸರಿಯಾಗೇ ಕಾಣತ್ತೆ.

ಪ್ರಕಾಶ: ಆ ಗುರುತೇ ಸುಳ್ಳು ಹೇಳ್ತಿದ್ರೆ? ಆ ಗುರುತು ಇರೋ ಚಕ್ರ, ಹಳೇ ಬ್ಯಾಲೆನ್ಸರಿನ ಹೊರಗಿನ ಉಂಗುರ ರಬ್ಬರಿನ ಮೇಲೆ ಜಾರಿಬಿಡತ್ತಲ್ಲ.

ಸವಿತಾ: ಅಬ್ಬಾ, ಪ್ರಕಾಶನೂ ಕ್ಲಾಸಿಗೆ ಬರ್ತಿದ್ದ ಅನ್ಸತ್ತೆ. ಹರೀಶ, ಎಲ್ಲಾ ಪ್ಲಗ್ ಬಿಚ್ಚಿ, ಒಂದನೇ ಸಿಲಿಂಡರಿನ ಪ್ಲಗ್ ಜಾಗಕ್ಕೆ ಪಿಸ್ಟನ್ ತಡೆಯೋ ಪಿಸ್ಟನ್ ಸ್ಟಾಪ್ ಹಾಕು. ಕೈಯಲ್ಲೇ ಮೆಲ್ಲಗೆ ತಿರುಗಿಸು, ಸ್ಟಾರ್ಟರ್ ಮುಟ್ಟಬೇಡ. ತಗಲಿದ ಕಡೆ ಬ್ಯಾಲೆನ್ಸರ್ ಮೇಲೆ ಗೆರೆ ಎಳಿ. ಹಿಂದಕ್ಕೆ ತಿರುಗಿಸಿ ತಗಲಿದ ಕಡೆ ಇನ್ನೊಂದು. ಎರಡರ ನಡುಮಧ್ಯವೇ ನಿಜವಾದ ಟಿಡಿಸಿ, ಅಂದ್ರೆ ಪಿಸ್ಟನ್ ತೀರಾ ಮೇಲಿರೋ ಜಾಗ. ಹಳೇ ಗುರುತು ಅಲ್ಲಿಗೆ ಕೂತ್ರೆ ಅದನ್ನ ನಂಬು.

ಸವಿತಾ: ಆಮೇಲೆ ಸ್ಟಾಪ್ ತೆಗೆದು, ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚು. ಎಂಜಿನ್ ಓಡೋ ದಿಕ್ಕಿಗೆ ಕ್ರ್ಯಾಂಕ್ ತಿರುಗಿಸಿ ಸೊನ್ನೆಗೆ ನಿಲ್ಲಿಸು. ಈಗ ಹಿಂದಕ್ಕೆ ತಿರುಗಿಸ್ತಾ ಕ್ಯಾಪ್ ಕೆಳಗಿನ ರೋಟರ್ ಮೇಲೇ ಕಣ್ಣಿಡು. ಅದು ಮಿಸುಕಿದ ಕ್ಷಣ ನಿಲ್ಲಿಸಿ ಡಿಗ್ರಿ ಓದು. 5ರ ಒಳಗಿದ್ರೆ ಚೈನ್ ಬಗ್ಗೆ ಮಾತೇ ಬೇಡ. 10 ದಾಟಿದ್ರೆ ಮುಂದಿನ ಕವರ್ ಬಿಚ್ಚೋಣ. ರೋಟರನ್ನ ಬೆರಳಲ್ಲೂ ಅಲ್ಲಾಡಿಸಿ ನೋಡು, ಅಲ್ಲಿನ ಸಡಿಲ ಬೇರೆ ಲೆಕ್ಕ.

ಹರೀಶ: ಆಯ್ತು ಟೀಚರ್. ಸಂಜೆ ಹೇಳ್ತೀನಿ.

ನಾಗರಾಜ: ಅಲ್ಲಿವರ್ಗೂ ನನ್ ಮಾತು ಕೇಳಿ. ದೊಡ್ಡ ಡೀಸೆಲ್ ಎಂಜಿನ್ನುಗಳಲ್ಲಿ ಗೇರ್ ತಾನೇ? 1986ರ ಹೋಂಡಾ ವಿಎಫ್‌ಆರ್750 ಬೈಕಲ್ಲಿ ಕ್ಯಾಮ್ ತಿರುಗಿಸಿದ್ದು ಗೇರ್ ತಾನೇ? ಅವರೆಲ್ಲ ದಡ್ರಾ? ಗೇರ್ ಹಿಗ್ಗಲ್ಲ ಕಣೇ.

ಸವಿತಾ: ದಡ್ರಲ್ಲ. ಅವರು ಗೇರಿಗೆ ಅಂತಲೇ ಎಂಜಿನ್ ಮಾಡಿದ್ದು. ನಿನ್ನ ವಿಡಿಯೋದಲ್ಲಿ ಇರೋದು ಚೈನಿಗೆ ಅಂತ ಮಾಡಿದ ಬ್ಲಾಕಿಗೆ ಆಮೇಲೆ ತುರುಕೋ ಸೆಟ್ಟು. ಕ್ರ್ಯಾಂಕಿಗೂ ಕ್ಯಾಮಿಗೂ ನಡುವಿನ ಅಂತರ ಒಂಚೂರು ಆಚೀಚೆ ಆದ್ರೂ ಹಲ್ಲು ಬಿಗಿ, ಇಲ್ಲಾ ಸಡಿಲ. ಬ್ಲಾಕ್ ಲೈನ್ ಬೋರ್ ಆಗಿದ್ರೆ, ಅಂದ್ರೆ ಕ್ರ್ಯಾಂಕ್ ಕೂರೋ ತೂತುಗಳನ್ನ ಮತ್ತೆ ಕೊರೆದಿದ್ರೆ, ಅಂತರ ಕಮ್ಮಿ ಆಗಿರತ್ತೆ. ಚೈನಾದ್ರೆ ಅದಕ್ಕೆ 0.005, 0.010 ಇಂಚು ಗಿಡ್ಡ ಸೆಟ್ಟುಗಳೇ ಸಿಗತ್ವೆ. ಇನ್ನೊಂದು, ಕ್ರ್ಯಾಂಕಿನ ತಿರುಚು ಕಂಪನವನ್ನ ಚೈನ್ ಸ್ವಲ್ಪ ನುಂಗಿಕೊಳ್ಳತ್ತೆ. ಗೇರು ನೇರ ಕ್ಯಾಮಿಗೆ ದಾಟಿಸತ್ತೆ.

ನಾಗರಾಜ: ರೇಸಲ್ಲಿ ಹಾಕಲ್ವಾ?

ಸವಿತಾ: ಹಾಕ್ತಾರೆ. ಕಂಪನ ಬೇಡ ಅಂತ ಬೆಲ್ಟ್ ಹಾಕೋರೂ ಇದ್ದಾರೆ. ಹರೀಶ ಯಾವ ರೇಸ್ ಓಡಿಸ್ತಾನೆ?

ಪ್ರಕಾಶ: ಬೆಳಿಗ್ಗೆ ಆಫೀಸಿಗೆ.

ನಾಗರಾಜ: ಆ ಸೌಂಡಿಗೋಸ್ಕರನಾದ್ರೂ ಹಾಕ್ಬೇಕು.

ಸವಿತಾ: ಸೌಂಡ್ ಬೇಕು ಅಂತಲೇ ಹಾಕೋರ ಜೊತೆ ನಂಗೆ ಜಗಳ ಇಲ್ಲ. ರಿಪೇರಿ ಅಂತ ಹೇಳಬೇಡಿ ಅಷ್ಟೆ. ನಾಕ್ (ಸಿಲಿಂಡರೊಳಗಿನ ಬಡಿತ) ಪತ್ತೆ ಮಾಡೋ ಸೆನ್ಸರ್ ಇರೋ ಎಂಜಿನ್ ಆದ್ರೆ ಆ ಗೇರಿನ ಸದ್ದನ್ನೇ ನಾಕ್ ಅಂದುಕೊಂಡು ಸ್ಪಾರ್ಕ್ ಹಿಂದಕ್ಕೆಳೆದ್ರೂ ಎಳೀತು.

ಹರೀಶ: ನೋಡ್ದೆ, ರೋಟರ್ ಮಿಸುಕೋ ಹೊತ್ತಿಗೆ 13 ಡಿಗ್ರಿ. ಬ್ಯಾಲೆನ್ಸರ್ ಗುರುತು ಸರಿ ಇದೆ. ರೋಟರ್ ಬೆರಳಿಗೆ ಏನೇನೂ ಅಲ್ಲಾಡಲ್ಲ.

ನಾಗರಾಜ: ಗೆದ್ದೆ!

ಸವಿತಾ: ಏನ್ ಗೆದ್ದೆ? ಹರೀಶ, ಡಬಲ್ ರೋಲರ್ ಚೈನ್ ಸೆಟ್ ತಗೋ, ಎರಡೂ ಸ್ಪ್ರಾಕೆಟ್ ಸಮೇತ. ಕ್ರ್ಯಾಂಕ್ ಸ್ಪ್ರಾಕೆಟಲ್ಲಿ ಮೂರು ಕೀ ತೋಡು ಇದ್ರೆ ಒಳ್ಳೇದು, ಕ್ಯಾಮನ್ನ 4 ಡಿಗ್ರಿ ಮುಂದೆ ಹಿಂದೆ ಕೂರಿಸಬಹುದು. ಸ್ಪ್ರಾಕೆಟುಗಳ ಚುಕ್ಕೆಗೆ ಚುಕ್ಕೆ ಕೂಡಿಸಿ ಕೈ ತೊಳ್ಕೋಬೇಡ, ಕ್ರ್ಯಾಂಕಿಗೆ ಡಿಗ್ರಿ ಚಕ್ರ ಹಾಕಿ ನೋಡು.

ಹರೀಶ: ಕವರ್ ಬಿಚ್ಚಿದೆ. ಕ್ಯಾಮ್ ಸ್ಪ್ರಾಕೆಟಿನ ಹಲ್ಲು ಪ್ಲಾಸ್ಟಿಕ್ ಥರ ಇದೆ. ನಾಲ್ಕೈದು ಹಲ್ಲು ಮುರಿದುಹೋಗಿವೆ. ಫೋಟೋ ಹಾಕ್ತೀನಿ.

ಸವಿತಾ: ಅದು ನೈಲಾನ್. ಸದ್ದು ಬರಬಾರ್ದು ಅಂತ ಆ ಕಾಲದಲ್ಲಿ ಅಲ್ಯೂಮಿನಿಯಂ ಸ್ಪ್ರಾಕೆಟಿಗೆ ನೈಲಾನ್ ಹಲ್ಲು ಕೂರಿಸ್ತಿದ್ರು. ಬಿಸಿ ಎಣ್ಣೆಯಲ್ಲಿ ವರ್ಷಗಟ್ಟಲೆ ಇದ್ದು ಪೆಡಸಾಗಿ ಒಡೆಯತ್ತೆ. ಮುರಿದ ಚೂರು ಎಲ್ಲಿ?

ಹರೀಶ: ಕವರೊಳಗೆ ಒಂದೇ ಒಂದು ಸಿಕ್ತು.

ಸವಿತಾ: ಮಿಕ್ಕಿದ್ದು ಆಯಿಲ್ ಸಂಪಲ್ಲಿ, ಪಂಪಿನ ಜಾಲರಿಗೆ ಅಂಟಿಕೊಂಡಿರತ್ತೆ. ಸಂಪ್ ಇಳಿಸದೆ ಎಂಜಿನ್ ಸ್ಟಾರ್ಟ್ ಮಾಡಿದ್ರೆ ಎಣ್ಣೆ ಸಿಗದೆ ಬೇರಿಂಗ್ ಕಥೆ ಮುಗೀತು.

ಹರೀಶ: ಸಂಪೂ ಇಳಿಸಬೇಕಾ!

ನಾಗರಾಜ: ಹೆಂಗೂ ಇಷ್ಟು ಬಿಚ್ತಿದೀಯಲ್ಲ, ಗೇರ್ ಡ್ರೈವೇ ಹಾಕ್ಬಿಡೋ. ಇನ್ನೊಂದು ವಿಡಿಯೋ ಕಳಿಸ್ತೀನಿ ಇರು.

ಪ್ರಕಾಶ: ಅಡ್ಮಿನ್ ಎಲ್ಲಪ್ಪಾ?