ಸಹಾಯ ಬೇಕು: ಎಚ್‌ಲೆಡ್ಜರ್‌ನಲ್ಲಿ ಉಳಿತಾಯದ ಬ್ಯಾಲೆನ್ಸ್ ತಾಳೆಯಾಗುತ್ತಿಲ್ಲ

ಒಂದೇ ಎಸ್‌ಬಿ ಖಾತೆಯಲ್ಲಿರುವ ₹84,500 ಅನ್ನು ಎಚ್‌ಲೆಡ್ಜರ್‌ನಲ್ಲಿ (hledger, ಸರಳ ಪಠ್ಯ ಫೈಲಿನಲ್ಲಿ ಲೆಕ್ಕ ಇಡುವ ತಂತ್ರಾಂಶ) ಉಪಖಾತೆಗಳಾಗಿ ಹಂಚಿದ್ದೇನೆ: ‘ಆಸ್ತಿ:ಎಸ್‌ಬಿ:ತುರ್ತು’ 50,000, ‘ಆಸ್ತಿ:ಎಸ್‌ಬಿ:ಶಾಲೆ’ 24,500, ಉಳಿದ 10,000 ಮೂಲ ಖಾತೆಯಲ್ಲೇ. ಪಾಸ್‌ಬುಕ್ ಮೊತ್ತವನ್ನು =* ಹಾಕಿ ತಾಳೆ ನೋಡುತ್ತೇನೆ; ಬರೀ = ಹಾಕಿದರೆ ಉಪಖಾತೆಗಳ ಹಣ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿಯವರೆಗೆ ಸರಿ.

ತೊಂದರೆ ಇರುವುದು ಫೀಸು ಕಟ್ಟಿದಾಗ. ‘ವೆಚ್ಚ:ಶಾಲೆ’ಗೆ ಆಟೋ ಪೋಸ್ಟಿಂಗ್ ನಿಯಮವಿದೆ (ಆ ಖರ್ಚು ಬರೆದಾಗಲೆಲ್ಲ ಬೇರೆ ನಮೂದುಗಳನ್ನು ತಾನೇ ಸೇರಿಸುವಂಥದ್ದು): ಶಾಲೆ ಉಪಖಾತೆಗೆ *-1, ಮೂಲ ಖಾತೆಗೆ *1, ಅಂದರೆ ಖರ್ಚಿನಷ್ಟೇ ಮೊತ್ತ ಉಪಖಾತೆಯಿಂದ ಕಳೆದು ಮೂಲ ಖಾತೆಗೆ ಸೇರುತ್ತದೆ. ಮೂಲ ಖಾತೆಯಿಂದ ₹12,000 ಕಟ್ಟಿದ ಮೇಲೆ ಶಾಲೆ ಉಪಖಾತೆಗೆ ‘= ₹12,500’ ಎಂದು ಬರೆದರೆ --ಆಟೋ (--auto, ಈ ನಿಯಮವನ್ನು ಚಾಲೂ ಮಾಡುವ ಆಯ್ಕೆ) ಜೊತೆ ಪಾಸು, ಅದಿಲ್ಲದಿದ್ದರೆ 24,500 ತೋರಿಸಿ ಎರರ್. ಒಟ್ಟು ಮೊತ್ತ 72,500 ಮಾತ್ರ ಎರಡರಲ್ಲೂ ಸರಿ ಬರುತ್ತದೆ. -ಐ (-I) ಆಯ್ಕೆ ಕೊಟ್ಟು ತಾಳೆಯನ್ನೇ ಬಿಡಲು ಮನಸ್ಸಿಲ್ಲ. ಪಾಸ್‌ಬುಕ್ ಪರೀಕ್ಷೆಯೂ ಅದರೊಂದಿಗೇ ಹೋಗುತ್ತದೆ.

--ಆಟೋ ಪ್ರತಿ ಸಲವೂ ತಾನಾಗಿ ಅನ್ವಯವಾಗುವಂತೆ ಅದನ್ನು ಕಾನ್ಫಿಗ್ ಫೈಲಿಗೇ ಹಾಕಿಬಿಡಲೇ, ಇಲ್ಲವೇ ನಿಯಮ ತೆಗೆದು ವರ್ಗಾವಣೆಯನ್ನು ಕೈಯಾರೆ ಬರೆಯಲೇ? ಹಲವು ವರ್ಷಗಳ ಜರ್ನಲ್ (ಲೆಕ್ಕದ ಫೈಲು) ಇಟ್ಟವರು ದಯವಿಟ್ಟು ತಿಳಿಸಿ.