ಹೊಸ ಎಟಿವಿ ಗುಡ್ಡೆ ಹತ್ತುವಾಗ ನಿಲ್ಲುತ್ತದೆ, ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್. ಎಂತ ಕತೆ ಇದು?

ಪೆರ್ಲದ ಕಂಗು

ಎಲ್ಲರಿಗೂ ನಮಸ್ಕಾರ. ಗೊತ್ತಿದ್ದವರು ಸ್ವಲ್ಪ ಹೇಳಿ, ತಲೆ ಕೆಟ್ಟು ಹೋಗಿದೆ.

ಮಳೆ ಬಿಡುವ ಹೊತ್ತಿಗೆ ಒಂದು 110 ಸಿಸಿ ಎಟಿವಿ, ಅಂದರೆ ದಪ್ಪ ಟಯರಿನ ನಾಲ್ಕು ಚಕ್ರದ ಸಣ್ಣ ಗಾಡಿ, ತೆಗೆದುಕೊಂಡೆ. ಹೊಸದೇ, ಚೈನಾ ಎಂಜಿನ್, ಮುಂದಕ್ಕೆ ಮೂರು ಗಿಯರ್, ಹಿಂದಕ್ಕೆ ಒಂದು, ಕ್ಲಚ್ ಲಿವರ್ ಇಲ್ಲ. ನಂಬರ್ ಇಲ್ಲದ ಗಾಡಿ, ರೋಡಿಗೆ ಇಳಿಸುವ ಆಸೆಯೂ ಇಲ್ಲ. ನಮ್ಮ ತೋಟ ಕೆಳಗೆ ತೋಡಿನ ಬದಿಯಲ್ಲಿ, ಮನೆ ಮೇಲೆ ಗುಡ್ಡೆಯಲ್ಲಿ, ನಡುವೆ ಸುಮಾರು ಮುನ್ನೂರು ಮೀಟರ್ ಮುರಕಲ್ಲಿನ ದಾರಿ. ಜೀಪು ತಿರುಗುವುದಿಲ್ಲ, ತಲೆಹೊರೆಗೆ ಜನ ಸಿಗುವುದಿಲ್ಲ, ಹಾಗಾಗಿ ಅಡಿಕೆ ಗೋಣಿಯನ್ನು ಅಂಗಳಕ್ಕೆ ಮುಟ್ಟಿಸಲಿಕ್ಕೆ ಇದು ಸಾಕು ಅಂತ ಲೆಕ್ಕ ಹಾಕಿದ್ದು.

ತಂದ ಮೇಲೆ ಮೂರು ವಾರ ಹಟ್ಟಿಯ ಪಕ್ಕದ ಮಾಡಿನಡಿ ಸುಮ್ನೆ ನಿಂತಿತ್ತು. ಕೊಯ್ಲು ಶುರುವಾಗಿರಲಿಲ್ಲ, ಮಧ್ಯಾಹ್ನ ಆದರೆ ಗುಡುಗು ಮಳೆ ಬೇರೆ. ಈಗ ಮೊದಲ ಕೊಯ್ಲು ಆಯ್ತು, ಗಾಡಿ ಕೈಕೊಟ್ಟಿತು. ಬೆಳಿಗ್ಗೆ ಚೋಕ್ ಹಾಕಿದರೆ ಸ್ವಲ್ಪ ಸತಾಯಿಸಿ ಸ್ಟಾರ್ಟ್ ಆಗುತ್ತದೆ. ಅಂಗಳದಲ್ಲಿ ಐಡಲಿಂಗ್‌ನಲ್ಲಿ ಅರ್ಧ ಗಂಟೆ ಬಿಟ್ಟರೂ ತೊಂದರೆ ಇಲ್ಲ. ಆದರೆ ಲೋಡ್ ಹಾಕಿ ಹತ್ತುವಾಗ ಎರಡನೇ ಟ್ರಿಪ್ಪೋ ಮೂರನೇ ಟ್ರಿಪ್ಪೋ ಅರ್ಧದಲ್ಲಿ ಪಟಕ್ಕನೆ ಬಂದ್. ಆಮೇಲೆ ಸೆಲ್ಫ್ ಒತ್ತಿದರೆ ತಿರುಗುತ್ತದೆ ಅಷ್ಟೇ, ಹಿಡಿಯುವುದಿಲ್ಲ. ಹತ್ತು ನಿಮಿಷ ಬಿಟ್ಟರೆ ಏನೂ ಆಗದ ಹಾಗೆ ಸ್ಟಾರ್ಟ್! ಕೊಟ್ಟವರಿಗೆ ಫೋನ್ ಮಾಡಿದರೆ "ಹೊಸ ಎಂಜಿನ್ ಸಾರ್, ಓಡಿಸ್ತಾ ಓಡಿಸ್ತಾ ಸರಿ ಆಗ್ತದೆ" ಅನ್ನುತ್ತಾರೆ. ಅಪ್ಪ ಜಗಲಿಯಲ್ಲಿ ಕೂತು ನಗುತ್ತಾರೆ.

ಕುಂಬಳೆ ಕಡಲು

ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಹೋಗಿದೆ ಅಣ್ಣ. ಬಿಸಿ ಆದಾಗ ಕರೆಂಟ್ ಕೊಡುವುದಿಲ್ಲ, ತಣ್ಣಗಾದರೆ ಕೊಡುತ್ತದೆ. ನನ್ನ ಹಳೇ ಬೈಕಿನಲ್ಲಿ ಡಿಟ್ಟೋ ಇದೇ. ಕಾಯಿಲ್, ಸಿಡಿಐ (ಸ್ಪಾರ್ಕ್ ಯಾವಾಗ ಅಂತ ನೋಡಿಕೊಳ್ಳುವ ಡಬ್ಬಿ) ಎರಡೂ ಒಟ್ಟಿಗೆ ಬದಲಿಸಿಬಿಡಿ, ಇದರದ್ದು ಜಾಸ್ತಿ ರೇಟ್ ಏನಿಲ್ಲ.

ಹಳೇ ಸ್ಪ್ಯಾನರ್

ಕಡಲಣ್ಣ ಹೇಳಿದ್ದು ಆಗಲಿಕ್ಕಿಲ್ಲ ಅಂತಲ್ಲ, ಆದರೆ ನೋಡದೆ ಪಾರ್ಟ್ ಬದಲಿಸುವುದು ಬೇಡ. ಕಾಯಿಲ್ ಹಾಕಿ ಸರಿ ಆಗದಿದ್ದರೆ ಸಿಡಿಐ, ಅದೂ ಅಲ್ಲದಿದ್ದರೆ ಕಾರ್ಬರೇಟರ್, ಕೊನೆಗೆ ಅರ್ಧ ಗಾಡಿಯೇ ಹೊಸತು. ಮುಳ್ಳೇರಿಯದಲ್ಲಿ ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವ ನಾನು. ಹೀಗೆ ಬದಲಿಸಿ ಬದಲಿಸಿ ಸೋತ ಗಾಡಿಗಳೇ ಕೊನೆಗೆ ನಮ್ಮಲ್ಲಿಗೆ ಬರುವುದು.

"ಓಡಿಸ್ತಾ ಸರಿ ಆಗ್ತದೆ" ಅನ್ನುವ ಮಾತು ಬಿಡಿ. ಹೊಸ ಎಂಜಿನ್ ಬಿಗಿ ಇದ್ದು ಬಿಸಿಗೆ ನಿಂತರೆ ಸೆಲ್ಫ್ ಒತ್ತಿದಾಗ ತಿರುಗಲಿಕ್ಕೇ ಕಷ್ಟ ಪಡುತ್ತದೆ. ನಿಮ್ಮದು ಸಲೀಸಾಗಿ ತಿರುಗುತ್ತದೆ ಅಂತ ನೀವೇ ಬರೆದಿದ್ದೀರಿ.

ನಿಲ್ಲುವಾಗ ಹೇಗೆ ನಿಲ್ಲುತ್ತದೆ, ಸರಿಯಾಗಿ ನೆನಪು ಮಾಡಿ ಹೇಳಿ. ಕೀ ಆಫ್ ಮಾಡಿದ ಹಾಗೆ ಒಂದೇ ಸಲ ಬಂದ್ ಆದರೆ ಕರೆಂಟ್ ಕಡೆ ನೋಡಬೇಕು. ಎರಡು ಸಲ ಕೆಮ್ಮಿ, ಎಳೆದು, ಶಕ್ತಿ ಇಳಿದು ನಿಂತರೆ ಪೆಟ್ರೋಲ್ ಕಡೆ. "ಪಟಕ್ಕನೆ" ಅಂತ ಎಲ್ಲರೂ ಬರೆಯುತ್ತಾರೆ, ಎದುರು ನಿಂತು ನೋಡಿದರೆ ಹಾಗೆ ಇರುವುದಿಲ್ಲ. ಇನ್ನೊಂದು, ಸಾಯಲಿಕ್ಕೆ ಹೊರಟಾಗ ಅರ್ಧ ಚೋಕ್ ಎಳೆದು ನೋಡಿ, ಗಾಳಿ ಕಮ್ಮಿ ಆಗಿ ಪೆಟ್ರೋಲ್ ಜಾಸ್ತಿ ಹೋಗುತ್ತದೆ. ನಾಲ್ಕು ಸೆಕೆಂಡ್ ಜೀವ ಬಂದರೆ ಪೆಟ್ರೋಲ್ ಸಾಲದ್ದೇ.

ನಿಂತ ಮೇಲೆ ಪ್ಲಗ್ ಬಿಚ್ಚಿ ಸ್ಪಾರ್ಕ್ ನೋಡಿ. ಆಮೇಲೆ ಪ್ಲಗ್ ವಾಪಸ್ ಹಾಕಿ, ಕ್ಯಾಪ್ ಸಿಕ್ಕಿಸಿ, ಕೀ ಆಫ್ ಮಾಡಿ, ಆನಂತರವೇ ಕಾರ್ಬರೇಟರಿನ ಅಡಿಯಲ್ಲಿ ಪೆಟ್ರೋಲ್ ನಿಲ್ಲುವ ಬೌಲಿನ ಡ್ರೈನ್ ಸ್ಕ್ರೂ ಸಡಿಲಿಸಿ, ಪೆಟ್ರೋಲ್ ಬರುತ್ತದಾ ನೋಡಿ. ಎರಡೂ ಒಟ್ಟಿಗೆ ಮಾಡಬೇಡಿ ಮಾರಾಯ್ರೆ, ಪೆಟ್ರೋಲ್ ಸುರಿಯುವಲ್ಲಿ ಸ್ಪಾರ್ಕ್ ನೋಡುವ ಪುಣ್ಯಾತ್ಮರು ಇದ್ದಾರೆ. ಮತ್ತೆ, ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ಸ್ ಅಂತ ಗಾಳಿ ಒಳಗೆ ಹೋದರೆ ಗೊತ್ತಾಯ್ತು, ಟ್ಯಾಂಕಿಗೆ ಗಾಳಿ ಸಿಗುತ್ತಿಲ್ಲ ಅಂತ.

ಬಾಯಾರು ಫೋರ್ ಸ್ಟ್ರೋಕ್

ಸೀಟಿನ ಹಿಂದೆ ಕೆಂಪು ಹಗ್ಗದ ಸೇಫ್ಟಿ ಸ್ವಿಚ್ ಉಂಟಾ? ಮಕ್ಕಳು ಓಡಿಸುವಾಗ ಎಳೆದು ನಿಲ್ಲಿಸಲಿಕ್ಕೆ ಇರುವುದು. ಗೋಣಿ ತಾಗಿ ಅದು ಅರ್ಧ ಹೊರಗೆ ಬಂದರೂ ಎಂಜಿನ್ ಬಂದ್. ಅದನ್ನು ಮೊದಲು ನೋಡಿ, ಐದು ಪೈಸೆ ಖರ್ಚಿಲ್ಲ.

ಪೆರ್ಲದ ಕಂಗು

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ನೋಡಿದ್ದು ಬರೆಯುತ್ತೇನೆ.

ಕೆಂಪು ಹಗ್ಗದ ಸ್ವಿಚ್ ಉಂಟು, ಆದರೆ ಗೋಣಿ ಅದಕ್ಕೆ ತಾಗುವುದಿಲ್ಲ, ಟೇಪ್ ಸುತ್ತಿ ನೋಡಿದೆ, ಆದರೂ ನಿಂತಿತು. ಸ್ಪ್ಯಾನರಣ್ಣ ಹೇಳಿದ್ದು ಸರಿ, ಪಟಕ್ಕನೆ ಅಲ್ಲ. ತಮ್ಮನನ್ನು ಪಕ್ಕದಲ್ಲಿ ನಡೆಸಿಕೊಂಡು ಹೋದೆ, ಅವ ಹೇಳಿದ ಪ್ರಕಾರ ಮೊದಲು ಸ್ವರ ಬದಲಾಗುತ್ತದೆ, ಆಮೇಲೆ ಎರಡು ಕೆಮ್ಮು, ಆಮೇಲೆ ನಿಲ್ಲುವುದು. ಗೋಣಿಯ ಭಾರದಲ್ಲಿ ನನಗೆ ಗೊತ್ತಾಗಿರಲಿಲ್ಲ.

ಗಾಡಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮನೆಗೆ ಹೋಗಿ ಪ್ಲಗ್ ಸ್ಪ್ಯಾನರ್ ತಂದೆ. ಸ್ಪಾರ್ಕ್ ನೀಲಿ, ಜೋರಾಗಿಯೇ ಉಂಟು. ಪ್ಲಗ್ಗಿನ ತುದಿ ಬಿಳಿ, ಸುಣ್ಣ ಬಳಿದ ಹಾಗೆ. ಮುಚ್ಚಳ ತೆಗೆದೆ, ಉಸ್ ಇಲ್ಲ, ಬುಸ್ ಇಲ್ಲ. ಹಾಗಾಗಿ ಟ್ಯಾಂಕ್ ಅಲ್ಲ. ಬೌಲ್ ಬಿಚ್ಚುವ ಮೊದಲೇ ಸೆಲ್ಫ್ ಒತ್ತಿ ನೋಡಿದೆ, ಸ್ಟಾರ್ಟ್ ಆಯ್ತು, ಹತ್ತಿಕೊಂಡು ಮನೆಗೆ ಬಂದೆ.

ಇನ್ನೊಂದು ವಿಚಿತ್ರ. ನಿನ್ನೆ ಸಂಜೆ ಟ್ಯಾಂಕ್ ಫುಲ್ ಮಾಡಿದ್ದೆ. ಇವತ್ತು ಮೊದಲ ಹತ್ತುವಿಕೆಯಲ್ಲೇ ನಿಂತಿತು. ಅರ್ಧ ಟ್ಯಾಂಕ್ ಇದ್ದಾಗ ಮೂರನೇ ಟ್ರಿಪ್ ತನಕ ಬರುತ್ತಿತ್ತು. ಪೆಟ್ರೋಲೇ ಹಾಳಿರಬಹುದಾ?

ಕುಂಬಳೆ ಕಡಲು

ಸ್ಪಾರ್ಕ್ ಉಂಟಾ? ಹಾಗಾದರೆ ನನ್ನ ಕಾಯಿಲ್ ವಾಪಸ್ ತೆಗೆದುಕೊಂಡೆ 😄

ಪೆಟ್ರೋಲಿನಲ್ಲಿ ನೀರು ನೋಡಿ. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಸೇರಿಸಿದ್ದು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಜಾಸ್ತಿ ಆದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆ ಆಗಿ ಅಡಿಗೆ ಕೂರುತ್ತವೆ, ಟ್ಯಾಂಕಿನ ಪೈಪ್ ಇರುವುದೂ ಅಡಿಯಲ್ಲೇ ಅಲ್ವಾ. ಗಾಜಿನ ಬಾಟಲಿಯಲ್ಲಿ ಹಿಡಿದು ರಾತ್ರಿ ಇಟ್ಟರೆ ಬೆಳಿಗ್ಗೆ ಅಡಿಯಲ್ಲಿ ಗೆರೆ ಕಾಣುತ್ತದೆ.

ಹಳೇ ಸ್ಪ್ಯಾನರ್

ಬಾಟಲಿಯಲ್ಲಿ ಹಿಡಿದು ನೋಡಿ, ನಷ್ಟ ಇಲ್ಲ. ಆದರೆ ನೀವು ಕೊನೆಗೆ ಸುಮ್ನೆ ಸೇರಿಸಿದ ಮಾತೇ ಇಡೀ ಕತೆ. ಟ್ಯಾಂಕ್ ಫುಲ್ ಇದ್ದರೆ ಬೇಗ ನಿಲ್ಲುತ್ತದೆ, ಅರ್ಧ ಇದ್ದರೆ ತಡವಾಗಿ. ಕಾಯಿಲಿಗೆ ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಉಂಟು ಅಂತ ಗೊತ್ತಿರುವುದಿಲ್ಲ.

ನಿಮ್ಮ ಗಾಡಿಯಲ್ಲಿ ಪಂಪ್ ಇಲ್ಲ, ಪೆಟ್ರೋಲ್ ಮೇಲಿನಿಂದ ತನ್ನ ಭಾರಕ್ಕೇ ಇಳಿಯಬೇಕು. ಇಳಿದಷ್ಟು ಜಾಗಕ್ಕೆ ಹೊರಗಿನಿಂದ ಗಾಳಿ ಬರಬೇಕು. ಬಾರದಿದ್ದರೆ ಒಳಗಿನ ಗಾಳಿಯೇ ಹಿಗ್ಗಿ ಪೆಟ್ರೋಲನ್ನು ಮೇಲಕ್ಕೆ ಎಳೆದು ಹಿಡಿಯುತ್ತದೆ. ಅರ್ಧ ಟ್ಯಾಂಕ್ ಆದರೆ ಹಿಗ್ಗಲಿಕ್ಕೆ ಒಳಗೆ ಬೇಕಾದಷ್ಟು ಗಾಳಿ ಉಂಟು, ಫುಲ್ ಆದರೆ ಒಂದು ಲೋಟದಷ್ಟೂ ಇಲ್ಲ, ಬೇಗ ಸೋಲುತ್ತದೆ. ಐಡಲಿಂಗ್‌ನಲ್ಲಿ ಕುಡಿಯುವುದು ಕಮ್ಮಿ, ಎಲ್ಲಿಂದಲೋ ಸೋರಿ ಬರುವ ಗಾಳಿ ಸಾಕಾಗುತ್ತದೆ. ಗುಡ್ಡೆ ಹತ್ತುವಾಗ ಸಾಲುವುದಿಲ್ಲ.

ಉಸ್ ಕೇಳಲಿಲ್ಲ ಅಂದಿರಿ. ಯಾವಾಗ ತೆಗೆದದ್ದು ಮುಚ್ಚಳ? ಕಲ್ಲು ಕೊಟ್ಟು, ಮನೆಗೆ ನಡೆದು, ಸ್ಪ್ಯಾನರ್ ಹುಡುಕಿ, ವಾಪಸ್ ಇಳಿದು, ಪ್ಲಗ್ ಬಿಚ್ಚಿ ಹಾಕಿ, ಆಮೇಲೆ. ಅಷ್ಟು ಹೊತ್ತಿಗೆ ಗಾಡಿ ತನ್ನಷ್ಟಕ್ಕೇ ಸರಿ ಆಗಿತ್ತು, ಸೆಲ್ಫ್ ಒತ್ತಿದಾಗ ಸ್ಟಾರ್ಟ್ ಆದದ್ದು ಅದಕ್ಕೇ. ಜ್ವರ ಬಿಟ್ಟ ಮೇಲೆ ಥರ್ಮಾಮೀಟರ್ ಇಟ್ಟ ಹಾಗೆ ಆಯ್ತು. ನಾಳೆ ಎಲ್ಲಾ ಸಾಮಾನು ಕಿಸೆಯಲ್ಲಿ ಇಟ್ಟುಕೊಂಡು ಹೋಗಿ. ನಿಂತ ಕ್ಷಣ, ಸೀಟಿನಿಂದ ಇಳಿಯುವ ಮೊದಲೇ ಮುಚ್ಚಳ ತಿರುಗಿಸಿ. ಹಾಗಂತ ಮುಚ್ಚಳ ಸಡಿಲ ಬಿಟ್ಟು ಗುಡ್ಡೆ ಹತ್ತಿಸಿ ನೋಡಬೇಡಿ, ಅಡಿಯಲ್ಲಿ ಸೈಲೆನ್ಸರ್ ಕಾದಿರುತ್ತದೆ.

ಬಾಯಾರು ಫೋರ್ ಸ್ಟ್ರೋಕ್

ನೋಡುವುದಾದರೆ ಟ್ಯಾಪೆಟ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಗ್ಯಾಪ್, ಕೂಡ ನೋಡಿ. ಬೆಳಿಗ್ಗೆ ಸ್ಟಾರ್ಟ್ ಆಗಲಿಕ್ಕೆ ಸತಾಯಿಸುವುದು ಟ್ಯಾಂಕಿನ ಗಾಳಿಯಿಂದ ಅಲ್ಲ, ಅದು ಬೇರೆ ಕತೆ. ಈ ಎಂಜಿನ್ನುಗಳಲ್ಲಿ ಹೊಸತರಲ್ಲಿ ವಾಲ್ವ್ ಸೀಟಿಗೆ ಕೂತು ಗ್ಯಾಪ್ ಕಮ್ಮಿ ಆಗುತ್ತದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ 0.05 ಮಿಲಿಮೀಟರ್ ಇರಬೇಕು, ಇನ್‌ಟೇಕ್, ಎಗ್ಸಾಸ್ಟ್ ಎರಡಕ್ಕೂ. ಪಿಸ್ಟನ್ ಪೂರ್ತಿ ಮೇಲೆ ಬಂದದ್ದನ್ನು ತೋರಿಸುವ ಮ್ಯಾಗ್ನೆಟ್ಟಿನ ಟಿ ಗೆರೆ ಕೇಸಿನ ಗುರುತಿಗೆ ಸರಿಯಾಗಿ ಬರಬೇಕು, ಆಗ ಎರಡೂ ರಾಕರ್ ಸ್ವಲ್ಪ ಸಡಿಲ ಇರಬೇಕು. ಎರಡೂ ಬಿಗಿ ಇದ್ದರೆ ಎಂಜಿನ್ ಇನ್ನೊಂದು ಸುತ್ತು ತಿರುಗಿಸಿ.

ಪೆರ್ಲದ ಕಂಗು

ಸಿಕ್ಕಿತು ಸಿಕ್ಕಿತು ಸಿಕ್ಕಿತು!!

ಬಾಟಲಿಯ ಪೆಟ್ರೋಲ್ ಬೆಳಿಗ್ಗೆಯೂ ಕ್ಲೀನ್, ಗೆರೆ ಇಲ್ಲ. ಮತ್ತೆ ಬೇಕೆಂದೇ ಟ್ಯಾಂಕ್ ಫುಲ್ ಮಾಡಿ ಎರಡು ಗೋಣಿ ಹಾಕಿ ಹತ್ತಿಸಿದೆ. ನೀರಿನ ಸುರಂಗದ ಬಾಯಿ ಹತ್ತಿರ ತಿರುವಿನಲ್ಲಿ ಸ್ವರ ಇಳಿಯಿತು. ಅರ್ಧ ಚೋಕ್ ಎಳೆದೆ, ಒಂದು ಸಲ ಎದ್ದು ನಿಂತ ಹಾಗೆ ಆಗಿ, ಮತ್ತೆ ಸತ್ತಿತು. ಬ್ರೇಕ್ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಮುಚ್ಚಳ ತಿರುಗಿಸಿದೆ. ಉಸ್ಸ್ ಅಲ್ಲ ಅಣ್ಣ, ಸೋಡಾ ಬಾಟಲಿ ತೆಗೆದ ಹಾಗೆ ಸ್ವರ. ತಮ್ಮ ಹತ್ತು ಮಾರು ದೂರ ಇದ್ದ, ಅವನಿಗೂ ಕೇಳಿತು. ಮುಚ್ಚಳ ಹಾಕಿ ಸೆಲ್ಫ್ ಒತ್ತಿದೆ. ನಾಲ್ಕೈದು ಸೆಕೆಂಡಿನಲ್ಲಿ ಸ್ಟಾರ್ಟ್, ಹತ್ತು ನಿಮಿಷ ಕಾಯುವ ಕೆಲಸವೇ ಇಲ್ಲ.

ಮುಚ್ಚಳದ ಮೇಲಿಂದ ಒಂದು ಸಣ್ಣ ಕಪ್ಪು ರಬ್ಬರ್ ಪೈಪ್ ಹೊರಟು ಹ್ಯಾಂಡಲಿನ ನಡುವಿನ ತೂತಿಗೆ ಹೋಗುತ್ತದೆ. ಇಷ್ಟು ದಿನ ಅದು ಯಾವುದೋ ವಯರ್ ಅಂತ ತಿಳಿದುಕೊಂಡಿದ್ದೆ. ಎಳೆದು ತೆಗೆದು ನೋಡಿದರೆ ತುದಿಯಲ್ಲಿ ಕೆಂಪು ಮಣ್ಣಿನ ಬಿರಡೆ. ಬೆರಳಿನಲ್ಲಿ ಒರೆಸಿದ ಹಾಗೆ ನುಣ್ಣಗೆ, ಕಲ್ಲಿನ ಹಾಗೆ ಗಟ್ಟಿ, ಬದಿಯಲ್ಲಿ ಒಂದು ಕೂದಲೆಳೆಯಷ್ಟು ಬಿರುಕು. ಹಿಡಿಸೂಡಿ ಕಡ್ಡಿ ಹಾಕಿ ಕುತ್ತಿದೆ. ಮಣ್ಣು ಉದುರಿತು, ಅದರ ಹಿಂದಿನಿಂದ ಮೂರು ಸಣ್ಣ ಹಸಿರು ಹುಳ ಬಿತ್ತು, ಒಣಗಿ ಸುರುಟಿಕೊಂಡಿದ್ದವು. ಮರಿಗೆ ತಿನ್ನಲಿಕ್ಕೆ ಹಸಿರು ಹುಳ ತಂದಿಟ್ಟು ಮಣ್ಣಿನಲ್ಲಿ ಬಾಯಿ ಮುಚ್ಚುವ ಕುಂಬಾರ ಹುಳದ ಗೂಡು!

ಒಂದು ಲಕ್ಷದ ಹತ್ತಿರ ಕೊಟ್ಟ ಗಾಡಿಯನ್ನು ಒಂದು ಹುಳ ನಿಲ್ಲಿಸಿತು ನೋಡಿ.

ಕುಂಬಳೆ ಕಡಲು

ಪೆಟ್ರೋಲ್ ವಾಸನೆ ಬರುವ ಪೈಪಿನಲ್ಲಿ ಹುಳ ಗೂಡು ಕಟ್ಟುತ್ತದಾ? ನಂಬಲಿಕ್ಕೆ ಕಷ್ಟ.

ಪೆರ್ಲದ ಕಂಗು

ಗಾಡಿ ಪಿಕಪ್ಪಿನಲ್ಲಿ ಬಂದದ್ದು, ಟ್ಯಾಂಕ್ ಖಾಲಿ ಇತ್ತು. ಮೂರು ವಾರ ಹಾಗೇ ಇತ್ತು. ಪೆಟ್ರೋಲ್ ಹಾಕಿದ್ದು ಕೊಯ್ಲಿನ ಹಿಂದಿನ ದಿನ.

ಹಳೇ ಸ್ಪ್ಯಾನರ್

ಹಾಗಾದರೆ ಸರಿ ಹೋಯ್ತು. ಬಿರುಕಿನಿಂದ ಸ್ವಲ್ಪ ಸ್ವಲ್ಪ ಗಾಳಿ ಹೋಗುತ್ತಿದ್ದ ಕಾರಣ ಹತ್ತು ನಿಮಿಷದಲ್ಲಿ ತನ್ನಷ್ಟಕ್ಕೆ ಸರಿ ಆಗುತ್ತಿತ್ತು. ಪೂರ್ತಿ ಮುಚ್ಚಿದ್ದರೆ ನಿಮಗೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಪೈಪನ್ನು ಬಾಯಿಯಲ್ಲಿ ಊದಬೇಡಿ, ಟಯರಿಗೆ ಗಾಳಿ ಹಾಕುವ ಪಂಪ್ ಸಾಕು. ಮುಚ್ಚಳದಿಂದ ಬಿಚ್ಚಿ ಊದಿ, ಇಲ್ಲದಿದ್ದರೆ ಮಣ್ಣೆಲ್ಲಾ ಟ್ಯಾಂಕಿಗೆ. ಕೆಲವು ಪೈಪಿನ ನಡುವೆ ಒಂದೇ ಕಡೆಗೆ ಗಾಳಿ ಬಿಡುವ ಸಣ್ಣ ವಾಲ್ವ್ ಇರುತ್ತದೆ, ಇದ್ದರೆ ಅದು ಟ್ಯಾಂಕಿನ ಒಳಕ್ಕೆ ಗಾಳಿ ಬಿಡುವ ಹಾಗೆ ಕೂತಿದೆಯಾ ನೋಡಿ. ತಿರುಗಾಮುರುಗಾ ಹಾಕಿ ಕಳಿಸಿದ್ದೂ ನೋಡಿದ್ದೇನೆ, ಆಗಲೂ ಇದೇ ಕತೆ. ತುದಿಗೆ ಸ್ವಲ್ಪ ಸೊಳ್ಳೆ ಬಲೆ ಮಡಚಿ ಕಟ್ಟಿ.

ಪ್ಲಗ್ ಬಿಳಿ ಆದದ್ದು ಪೆಟ್ರೋಲ್ ಸಾಲದೆ ಇರಬಹುದು. ಒರೆಸಿ ಹಾಕಿ, ಎರಡು ದಿನ ಓಡಿಸಿ ಮತ್ತೆ ನೋಡಿ. ಕಾಫಿ ಪುಡಿ ಬಣ್ಣಕ್ಕೆ ಬಂದರೆ ಕಾರ್ಬರೇಟರ್ ಮುಟ್ಟುವುದೇ ಬೇಡ. ಇನ್ನೂ ಬಿಳಿಯೇ ಇದ್ದರೆ ಕಾರ್ಬರೇಟರ್ ಎಂಜಿನ್ನಿಗೆ ಸೇರುವಲ್ಲಿ ಗಾಳಿ ಎಳೆಯುತ್ತಿರಬಹುದು, ಆ ಎರಡು ಬೋಲ್ಟ್ ಬಿಗಿ ಮಾಡಿ. ಮತ್ತೊಂದು ಮಾತು, ಬೈಬೇಡಿ. ಹಸಿ ಅಡಿಕೆ ಎರಡು ಗೋಣಿ, ಮೇಲೆ ನೀವು. ಆ ಸಣ್ಣ ಗಾಡಿಗೆ ಅದು ಜಾಸ್ತಿ ಆಯ್ತು. ಒಂದು ಗೋಣಿ ಹಾಕಿ, ನಾಲ್ಕು ಟ್ರಿಪ್ ಜಾಸ್ತಿ ಮಾಡಿ.

ಪೆರ್ಲದ ಕಂಗು

ಕೊನೆಯ ಅಪ್‌ಡೇಟ್. ಟ್ಯಾಪೆಟ್ಟೂ ನೋಡಿದೆ. ಗ್ಯಾಪ್ ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ಬದಿಯಡ್ಕದಲ್ಲಿ ಸಿಕ್ಕಿತು. ಇನ್‌ಟೇಕ್ ಸರಿ ಇತ್ತು, ಎಗ್ಸಾಸ್ಟಿನದ್ದು ಬಿಗಿ, ಅತಿ ತೆಳು ಎಲೆಯೂ ಹೋಗುವುದಿಲ್ಲ. ಮೊದಲ ಸಲ ನಟ್ ಬಿಗಿ ಮಾಡುವಾಗ ಸೆಟ್ಟಿಂಗ್ ತಪ್ಪಿತು, ಎರಡನೇ ಸಲವೂ ತಪ್ಪಿತು, ಮೂರನೇ ಸಲ ತಮ್ಮ ಸ್ಕ್ರೂ ಹಿಡಿದ, ನಾನು ನಟ್ ತಿರುಗಿಸಿದೆ. ಈಗ ಬೆಳಿಗ್ಗೆ ಒಂದೇ ಒತ್ತಿಗೆ ಸ್ಟಾರ್ಟ್. ಬಾಯಾರಿನವರಿಗೆ ದೊಡ್ಡ ನಮಸ್ಕಾರ, ಅದನ್ನು ಹೇಳದಿದ್ದರೆ ನಾನು ಪೈಪ್ ಸರಿ ಮಾಡಿ ಸುಮ್ನೆ ಕೂರುತ್ತಿದ್ದೆ.

ನಿನ್ನೆ ಫುಲ್ ಟ್ಯಾಂಕ್, ಒಂದೊಂದೇ ಗೋಣಿ, ಹನ್ನೊಂದು ಟ್ರಿಪ್. ಒಂದು ಸಲವೂ ನಿಲ್ಲಲಿಲ್ಲ. ಹನ್ನೆರಡನೆಯದಕ್ಕೆ ಅಪ್ಪ "ನಾನೊಂದು ಸಲ ಕೂರಬಹುದಾ" ಅಂತ ಕೇಳಿದರು.

ಕುಂಬಳೆ ಕಡಲು

ಅದು ಬಿಡಿ, ನಮ್ಮ ಹುಲ್ಲು ಹೆರೆಯುವ ಮೆಷಿನ್ ಕೂಡ ಐದು ನಿಮಿಷಕ್ಕೆ ನಿಲ್ಲುತ್ತದೆ. ಕಾಯಿಲ್ ಅಂತ ಎರಡು ಸಲ ಬದಲಿಸಿದೆ. ಅದರ ಟ್ಯಾಂಕಿಗೂ ಇಂಥದ್ದೇನಾದರೂ ಇರುತ್ತದಾ ಸ್ಪ್ಯಾನರಣ್ಣ?

ಹಳೇ ಸ್ಪ್ಯಾನರ್

ಇರುತ್ತದೆ. ನಿಂತ ಕೂಡಲೇ ಮುಚ್ಚಳ ತಿರುಗಿಸಿ ಕಿವಿ ಕೊಡಿ. ಹಳೇ ಕಾಯಿಲ್ ಬಿಸಾಡಿಲ್ಲ ತಾನೇ?