ಹೊಸಪೇಟೆಯಿಂದ ವಾಪಸ್ ಬರುವಾಗ ರೇಂಜ್ ಢಮಾರ್: ಬ್ಯಾಟರಿ ಹೋಯ್ತಾ?

ಕೇಶ್ವಾಪುರ_ಇವಿ:
ತಲೆ ಕೆಟ್ಟು ಹೋಗಿದೆ. ನಮ್ಮ ಎಲೆಕ್ಟ್ರಿಕ್ ಕಾರಿನಲ್ಲಿ ಹುಬ್ಬಳ್ಳಿಯಿಂದ ಹೊಸಪೇಟೆಗೆ ಹೋಗುವಾಗ ಚಾರ್ಜ್ 100ರಿಂದ 40%ಗೆ ಇಳಿಯಿತು. ಖುಷಿಯಾಯ್ತು. ಅಲ್ಲಿ ಫುಲ್ ಚಾರ್ಜ್ ಮಾಡಿ ವಾಪಸ್ ಹೊರಟರೆ ಅಣ್ಣಿಗೇರಿಯಲ್ಲೇ 20%! ಎಸಿ ಬಂದ್ ಮಾಡಿ, 50ರಲ್ಲಿ ಎತ್ತಿನ ಗಾಡಿ ಥರ ಬಂದು ಮನೆ ಮುಟ್ಟಿದಾಗ 6 ಉಳಿದಿತ್ತು. ಹೆಂಡತಿ ಮಾತು ಬಿಟ್ಟಿದ್ದಾಳೆ. ಸರ್ವಿಸ್‌ನವರು ‘ನಾರ್ಮಲ್ ಸರ್’ ಅಂತಾರೆ. ಅದೇ ರಸ್ತೆ, ಅದೇ ಗಾಡಿ. ಬ್ಯಾಟರಿ ಹೋಗಿದೆ ಅಲ್ವಾ?

ರಾಣೆಬೆನ್ನೂರು48:
ಎಷ್ಟು ಯೂನಿಟ್ ಬ್ಯಾಟರಿ, ಎಷ್ಟು ಸ್ಪೀಡು, ಏನೂ ಹೇಳದೆ ಬ್ಯಾಟರಿ ಹೋಯ್ತಾ ಅಂದ್ರೆ ಹೇಗ್ರಿ?

ಕೇಶ್ವಾಪುರ_ಇವಿ:
30 ಯೂನಿಟ್. ಸ್ಪೀಡು ನಾರ್ಮಲ್.

ಸೆಲ್_ಗುರು:
ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ತಾನೆ? ಹಾಗಾದರೆ ಮುಗೀತು. ಎಲ್‌ಎಫ್‌ಪಿಯಲ್ಲಿ ಚಾರ್ಜ್ ನಡುಮಟ್ಟದಲ್ಲಿ ಇರುವಾಗ ವೋಲ್ಟೇಜ್ ಹೆಚ್ಚುಕಮ್ಮಿ ಅಲ್ಲಾಡುವುದೇ ಇಲ್ಲ. ಹಾಗಾಗಿ ಎಷ್ಟು ಚಾರ್ಜ್ ಉಳಿದಿದೆ ಅಂತ ಬಿಎಂಎಸ್ (ಬ್ಯಾಟರಿ ನೋಡಿಕೊಳ್ಳುವ ಸಿಸ್ಟಂ) ಹಾಕುವ ಲೆಕ್ಕ ತಪ್ಪುತ್ತದೆ. ಮನೆಯ 15 ಆಂಪ್ ಸಾಕೆಟ್‌ನಲ್ಲಿ ನಿಧಾನಕ್ಕೆ 100ಕ್ಕೆ ಹಾಕಿ. ತುಂಬಿದ ಮೇಲೂ ಪ್ಲಗ್ ಕೀಳಬೇಡಿ. ಸೆಲ್‌ಗಳು ಸಮ ಆಗಬೇಕು.

ಕೇಶ್ವಾಪುರ_ಇವಿ:
ಹೊಸಪೇಟೆಯಲ್ಲಿ ಮಾವನ ಮನೆಯ ಸಾಕೆಟ್‌ಗೆ ರಾತ್ರಿಯಿಡೀ ಹಾಕಿದ್ದೆ.

ಸೆಲ್_ಗುರು:
ಒಂದು ರಾತ್ರಿ ಸಾಲದು. ಸೆಲ್ ರಿಪೋರ್ಟ್ ತೆಗೆಸಿ ಇಲ್ಲಿ ಹಾಕಿ.

ಗದಗ_ಗಾಳಿ:
ಯಾವಾಗ ಹೋಗಿದ್ದು? ಗದಗ ಸುತ್ತ ಗಾಳಿ ಫ್ಯಾನುಗಳು (ವಿಂಡ್‌ಮಿಲ್) ಎತ್ತ ಮುಖ ಮಾಡಿದ್ದವು, ನೋಡಿದ್ರಾ?

ಕೇಶ್ವಾಪುರ_ಇವಿ:
ಹೋದ ವಾರ. ಫ್ಯಾನಿಗೂ ನನ್ನ ಕಾರಿಗೂ ಏನ್ರಿ ಸಂಬಂಧ? ಸ್ಪೀಡಂತೂ ನಾನು 100 ದಾಟಿಸಿಲ್ಲ.

ಗದಗ_ಗಾಳಿ:
ಅಂದರೆ 100ರಲ್ಲೇ ಹೋಗಿದ್ದೀರಿ. ಈಗ ಆಷಾಢ. ಗಾಳಿ ಪಶ್ಚಿಮದಿಂದ ಬೀಸುತ್ತದೆ, ಫ್ಯಾನುಗಳೂ ಆ ಕಡೆಗೇ ತಿರುಗಿ ನಿಲ್ಲುತ್ತವೆ. ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ನಡುವಿನ ಹೆದ್ದಾರಿ 67 ಹೆಚ್ಚುಕಮ್ಮಿ ನೇರ ಪೂರ್ವ–ಪಶ್ಚಿಮ. ಹೋಗುವಾಗ ಗಾಳಿ ಬೆನ್ನಿಗೆ, ಬರುವಾಗ ಮುಖಕ್ಕೆ. ಗಾಳಿ ಗಂಟೆಗೆ 20 ಕಿ.ಮೀ. ಅಂತ ಹಿಡಿಯಿರಿ. ಹೋಗುವಾಗ ಕಾರಿಗೆ ತಾಗಿದ್ದು 80ರ ಗಾಳಿ, ಬರುವಾಗ 120ರದ್ದು. ಗಾಳಿಯ ತಡೆ ವೇಗದ ವರ್ಗಕ್ಕೆ (ಸ್ಕ್ವೇರ್‌ಗೆ) ತಕ್ಕಂತೆ ಏರುತ್ತದೆ. ಒಂದೂವರೆ ಪಟ್ಟು ವೇಗ, 2.25 ಪಟ್ಟು ತಡೆ. ಸ್ಪೀಡೋಮೀಟರ್ ಎರಡೂ ಸಲ 100 ಅಂತಲೇ ತೋರಿಸುತ್ತದೆ.

ನಿಮ್ಮ ಲೆಕ್ಕದಲ್ಲೇ ನೋಡಿ. ಅಣ್ಣಿಗೇರಿಯಿಂದ ಮನೆಗೆ ಸುಮಾರು 35 ಕಿ.ಮೀ., ಖರ್ಚಾಗಿದ್ದು 14% ಮಾತ್ರ. ಬ್ಯಾಟರಿ ಸತ್ತಿದ್ದರೆ ಕೊನೇ 20% ಹೀಗೆ ಬಾಳಿಕೆ ಬರುತ್ತಿತ್ತಾ?

ಸೆಲ್_ಗುರು:
ಫ್ಯಾನು ಇರುವುದು 80–100 ಮೀಟರ್ ಮೇಲೆ ಸ್ವಾಮಿ. ಕಾರು ಹೋಗುವುದು ನೆಲದ ಮೇಲೆ.

ಗದಗ_ಗಾಳಿ:
ನೆಲದ ಹತ್ತಿರ ಕಮ್ಮಿ ಅಂತಲೇ 20 ಹಿಡಿದಿದ್ದು. ಮಧ್ಯಾಹ್ನ ಬೈಕ್ ಮೇಲೆ ಈ ರಸ್ತೆಗೆ ಬನ್ನಿ, ಗೊತ್ತಾಗುತ್ತೆ.

ಸೆಲ್_ಗುರು:
ನನಗೆ ಬೈಕ್ ಓಡಿಸೋದು ಕಲಿಸಬೇಡಿ.

ರಾಣೆಬೆನ್ನೂರು48:
ಜಗಳ ಬಿಡ್ರಪ್ಪ. ಹುಬ್ಬಳ್ಳಿ ಹೊಸಪೇಟೆಗಿಂತ ಸುಮಾರು 150 ಮೀಟರ್ ಎತ್ತರದಲ್ಲಿದೆ. ಏರಿನದೂ ಪಾಲು ಇರಬಹುದು ಅಂತ ಲೆಕ್ಕ ಹಾಕಿದೆ. 1.7 ಟನ್ ಗಾಡಿ ಅಷ್ಟು ಏರೋದಕ್ಕೆ ಮುಕ್ಕಾಲು ಯೂನಿಟ್ಟೂ ಬೇಡ. 2–3% ಅಷ್ಟೇ. ಎಸಿ ಗಂಟೆಗೆ ಒಂದು, ಒಂದೂವರೆ ಯೂನಿಟ್. ಟೈರ್ ಗಾಳಿ ನೋಡಿದ್ರಾ? ಮೇಲೆ ಕ್ಯಾರಿಯರ್ ಇದೆಯಾ?

ಕೇಶ್ವಾಪುರ_ಇವಿ:
ಟೈರ್ ಸರಿಯಿದೆ. ಕ್ಯಾರಿಯರ್ ಇದೆ. ಬರುವಾಗ ಮಾವ ಎರಡು ಬಾಳೆಗೊನೆ ಕೊಟ್ಟಿದ್ದರು, ಒಂದು ಚೀಲ ಅಕ್ಕಿ. ತಾಡಪಾಲು ಹೊದಿಸಿ ಕಟ್ಟಿದ್ದೆ. ಎಲ್ಲರೂ ಒಯ್ಯುತ್ತಾರಪ್ಪ, ಅದೇನು ಮಹಾ ತೂಕ?

ಗದಗ_ಗಾಳಿ:
ಯಪ್ಪಾ! ತೂಕದ ಮಾತಲ್ಲ. 120ರ ಗಾಳಿಗೆ ತಾಡಪಾಲು ಅಡ್ಡ ಹಿಡಿದಿದ್ದೀರಿ! ಗೊನೆ ಡಿಕ್ಕಿಯಲ್ಲಿ ಇಡಿ. ಬೆಳಿಗ್ಗೆ ಬೇಗ ಹೊರಡಿ, ಗಾಳಿ ಕಮ್ಮಿ ಇರುತ್ತೆ. 80ರಲ್ಲಿ ಬಂದರೆ ಅದೇ ಎದುರುಗಾಳಿಯಲ್ಲೂ ತಡೆ ಸುಮಾರು 30% ಇಳಿಯುತ್ತದೆ. ಬ್ರೋಷರ್‌ನಲ್ಲಿ ‘ಒಂದು ಚಾರ್ಜಿಗೆ ಇಷ್ಟು ಕಿ.ಮೀ. ರೇಂಜ್’ ಅಂತ ಇರುತ್ತಲ್ಲ, ಅದನ್ನು ನಂಬಬೇಡಿ. ಆ ಟೆಸ್ಟ್ ಮಾಡೋದು ರೋಲರ್ ಮೇಲೆ, ಬಹುಪಾಲು ಸಿಟಿ ವೇಗದಲ್ಲಿ. 90 ದಾಟುವುದೇ ಇಲ್ಲ.

ಸೆಲ್_ಗುರು:
ಬಾಳೆಗೊನೆಯಿಂದ ರೇಂಜ್ ಹೋಯ್ತು ಅಂತ ಸರ್ವಿಸ್‌ನವರಿಗೆ ಹೇಳಿ ನೋಡಿ, ನಗ್ತಾರೆ. ರಿಪೋರ್ಟ್ ತೆಗೆಸಿ.

ವಿದ್ಯಾನಗರ_ಸೋಲಾರ್:
ರೇಂಜ್ ಚಿಂತೆ ನನಗಿಲ್ಲ. ತಾರಸಿ ಮೇಲೆ 3 ಕಿಲೋವಾಟ್ ಸೋಲಾರ್, ನೆಟ್ ಮೀಟರ್, ಕೆಳಗೆ 7.2 ಕಿಲೋವಾಟ್ ಚಾರ್ಜರ್. ಸೂರ್ಯಘರ್ ಯೋಜನೆಯಲ್ಲಿ 78,000 ಸಬ್ಸಿಡಿ ಬಂತು. ಧಾರವಾಡಕ್ಕೆ ದಿನಾ ಹೋಗಿ ಬರ್ತೀನಿ, ಪುಕ್ಕಟೆ. ಫೋಟೋ ಹಾಕ್ಲಾ?

ರಾಣೆಬೆನ್ನೂರು48:
ಹಾಕಿ, ಹಾಕಿ. ವೈರ್ ಎಷ್ಟರದ್ದು? 32 ಆಂಪ್‌ಗೆ 6 ಸ್ಕ್ವೇರ್ ಎಂಎಂ ತಾಮ್ರದ್ದು ಎಳೆಸಿದ್ದೀರಾ, ಇಲ್ಲ 4ರಲ್ಲೇ ಮುಗಿಸಿದ್ರಾ?

ವಿದ್ಯಾನಗರ_ಸೋಲಾರ್:
6. ಅರ್ಥಿಂಗ್ ಬೇರೆ ಗುಂಡಿ ತೋಡಿಸಿ ಹಾಕಿಸಿದ್ದೇನೆ.

ಕೇಶ್ವಾಪುರ_ಇವಿ:
ಅದೆಲ್ಲ ಇರಲಿ. ಶ್ರಾವಣದಲ್ಲಿ ಮತ್ತೆ ಹೊಸಪೇಟೆಗೆ ಹೋಗೋದಿದೆ. ಗದಗದಲ್ಲಿ ರಾತ್ರಿ ನಂಬಿಕೊಂಡು ಹೋಗುವಂಥ ಫಾಸ್ಟ್ ಚಾರ್ಜರ್ ಯಾವುದಿದೆ?

ರಾಣೆಬೆನ್ನೂರು48:
@ವಿದ್ಯಾನಗರ_ಸೋಲಾರ್, ಲೋಡ್ ಹೆಚ್ಚಿಸೋಕೆ ಅರ್ಜಿ ಹಾಕಿದ್ರಾ, ಇಲ್ಲ ಹಳೇ ಮೀಟರ್‌ನಲ್ಲೇ ಓಡುತ್ತಾ?

ಸೆಲ್_ಗುರು:
ಕೇಶ್ವಾಪುರ ಅವರೇ, ರಿಪೋರ್ಟ್ ಬಂತಾ?